ಅಮಾವಾಸ್ಯೆಯ ಕಡ್ಡಿಗಳು

ನಮ್ಮಪ್ಪನ ಕೆಲಸ ಸೊಟ್ಟಗಾದ ಸರಳುಗಳನ್ನು ನೇರ ಮಾಡುವುದು. ನನ್ನ ಕೆಲಸ ನೇರವಾದ ಕಡ್ಡಿಗಳನ್ನು ಸೊಟ್ಟ ಮಾಡುವುದು. ಅಷ್ಟೆಲ್ಲ ಓದಿ ನಾನು ಮಾಡುವುದೇನು ಎಂದು ಭದ್ರಾವತಿಯ ಹಳೇ ಊರಿನ ನಮ್ಮ ಬೀದಿಯವರು ಕೇಳಿದರೆ ಅವ್ವ ಹೀಗೇ ಹೇಳುತ್ತಿದ್ದಳು: “ಅಪ್ಪ ನೆಟ್ಟಗೆ ಮಾಡಿದ್ದನ್ನ ಮಗ ಬಗ್ಗಿಸ್ತಾನೆ. ಅದಕ್ಕೂ ಸರ್ಕಾರ ಸಂಬಳ ಕೊಡುತ್ತೆ, ಏನ್ಮಾಡೋದು.”

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಸರಳಿನ ಶೆಡ್ಡಿನಲ್ಲಿದ್ದ. ಕೆಂಪಗೆ ಕಾದು ಹೊರಗೆ ಬಂದ ಸರಳುಗಳು ಆರುವಾಗ ಒಂದಿಷ್ಟು ಡೊಂಕಾಗುತ್ತವೆ. ಅವನ್ನು ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಹೊರಳಿಸಿ, ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿ, ಎಲ್ಲಿ ಹೊಡೆಯಬೇಕೋ ಅಲ್ಲಿ ಹೊಡೆಯಬೇಕು. ನೆಟ್ಟಗಾದ ಸರಳಿನ ತುದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಒಂದೇ ಸಲಕ್ಕೆ ಬಗ್ಗದೆ ಹಠ ಮಾಡಿ ಎರಡನೆಯ ಸಲ ಹೊಡೆಸಿಕೊಂಡದ್ದಕ್ಕೆ ಎರಡು ಗೆರೆ. ಗೆರೆಯಿಲ್ಲದ್ದನ್ನು ಮೇಸ್ತ್ರಿ ಕಾಲಿನಲ್ಲಿ ತಳ್ಳುತ್ತಿದ್ದ, ಅದು ಮತ್ತೆ ಕುಲುಮೆಗೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವನು ಬರೆಯುತ್ತಿದ್ದ ಬರಹವೆಲ್ಲ ಈ ಎರಡೇ: ಒಂದು ಗೆರೆ, ಎರಡು ಗೆರೆ.

ಅವನ ಮಗನಾಗಿ ನಾನು ಹೈಸ್ಕೂಲು ಮುಗಿಸಿದೆ. ಬೆಳಗಿನ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ ಇಂಟರ್‌ಮೀಡಿಯೆಟ್ ಮಾಡಿದೆ. ಆಮೇಲೆ ಪರಸ್ಥಳದ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ನೀರುಸಾರು ಉಂಡು ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ಮುಗಿಸಿದೆ. ಇದನ್ನೆಲ್ಲ ಒಂದೆರಡು ಸಾಲಿನಲ್ಲಿ ಬರೆದುಬಿಟ್ಟೆ, ಆದರೆ ಹಿಡಿದದ್ದು ಎಂಟು ವರ್ಷ. ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದ ಮೊದಲನೆಯವನು ನಾನು. ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಯಾರೂ ಕೈಹಿಡಿದು ಒಳಗೆ ಕರೆದುಕೊಂಡು ಹೋಗಲಿಲ್ಲ.

ಐವತ್ತರ ದಶಕದ ನಡುವಿನಲ್ಲಿ ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರಾದೆ. ಅಲ್ಲಿಗೆ ನಿಂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಚಿಕ್ಕವನಿದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋಗಿ ಗೇಟಿನಲ್ಲಿ ಕೇಳುತ್ತಿದ್ದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಕಬ್ಬಿಣ ಅಷ್ಟು ಗಟ್ಟಿಯಲ್ಲವೇ, ಅದು ಬಗ್ಗುವುದು ಹೇಗೆ? ಮುರಿಯದೆ, ಸೀಳದೆ, ಹಿಟ್ಟಿನ ಹಾಗೆ ಬಗ್ಗುತ್ತದಲ್ಲ, ಒಳಗೆ ಏನಾಗುತ್ತದೆ? ಅಪ್ಪ ಆಗ ಹೇಳಿದ್ದು: “ಅದಕ್ಕೆ ಬಗ್ಗೋ ಮನಸ್ಸಿರುತ್ತೆ ಕಣೋ. ನಾವು ಕೇಳೋ ಹಂಗೆ ಕೇಳ್ಬೇಕು.”

ಎಂ.ಎಸ್ಸಿ.ಯಲ್ಲಿ ಇದಕ್ಕೆ ಬೇರೆ ಉತ್ತರ ಸಿಕ್ಕಿತು. ಲೋಹವೆಲ್ಲ ಹರಳುಗಳಿಂದಾದದ್ದು. ಹರಳಿನೊಳಗೆ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ, ವೀಳ್ಯದೆಲೆಯ ಕಟ್ಟಿನ ಹಾಗೆ. ಕಟ್ಟನ್ನು ಓರೆಯಾಗಿ ತಳ್ಳಿದರೆ ಎಲೆಯ ಮೇಲೆ ಎಲೆ ಜಾರುತ್ತದೆ. ಒಂದು ಎಲೆಯೂ ಹರಿಯುವುದಿಲ್ಲ, ಕಟ್ಟಿನ ಆಕಾರ ಮಾತ್ರ ಬದಲಾಗುತ್ತದೆ. ಸಾಮಾನ್ಯ ಸರಳಿನಲ್ಲಿ ಇಂಥ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಅಡ್ಡಾದಿಡ್ಡಿ ಒತ್ತಿಕೊಂಡಿರುವುದರಿಂದ ಯಾವುದು ಎತ್ತ ಜಾರಿತೆಂದು ತಿಳಿಯುವುದಿಲ್ಲ. ಅದನ್ನು ನೋಡಬೇಕಾದರೆ ಇಡೀ ಕಡ್ಡಿ ಒಂದೇ ಹರಳಾಗಿರಬೇಕು. ಅಂಥ ಕಡ್ಡಿಯನ್ನು ಮಾಡಿಕೊಳ್ಳಬೇಕು, ಭಾರ ತೂಗಿ ಬಗ್ಗಿಸಬೇಕು, ಸೂಕ್ಷ್ಮದರ್ಶಕದಲ್ಲಿ ಜಾರಿದ ಗೆರೆಗಳನ್ನು ಎಣಿಸಬೇಕು. ನಾನು ಡಾಕ್ಟರೇಟಿಗೆ ಹಿಡಿದ ವಿಷಯ ಇದೇ. ಲೋಹ ಸತು, ಏಕೆಂದರೆ ಅದು ಕಡಿಮೆ ಬಿಸಿಗೇ ಕರಗುತ್ತದೆ.

ಬೆಂಗಳೂರಿನ ಪ್ರೊಫೆಸರೊಬ್ಬರು ಮಾರ್ಗದರ್ಶನಕ್ಕೆ ಒಪ್ಪಿದರು. ಒಪ್ಪುವಾಗಲೇ ಹೇಳಿದರು: “ನನಗೆ ರಿಟೈರ್ ಆಗೋಕೆ ಇನ್ನು ಎರಡೂವರೆ ವರ್ಷ ಇದೆ. ಅಷ್ಟರೊಳಗೆ ಥೀಸಿಸ್ ಕೊಟ್ಟರೆ ಕೊಟ್ಟಿರಿ. ಆಮೇಲೆ ಈ ವಿಷಯ ನೋಡೋರು ನಮ್ಮ ಕಡೆ ಇನ್ನೊಬ್ಬರಿಲ್ಲ.” ನನಗಿದ್ದ ಗಡುವು ಇಷ್ಟೇ. ಅದು ದಾಟಿದರೆ ಮುಗಿಯಿತು.

ಶಿವಮೊಗ್ಗದಲ್ಲಿ ಲ್ಯಾಬು ಎಂದರೆ ಒಂದು ಕೋಣೆ, ಮೂರು ಮೇಜು. ಕುಲುಮೆಯನ್ನು ನಾನೇ ಸುತ್ತಿದೆ: ಮಣ್ಣಿನ ಕೊಳವೆ, ಅದರ ಮೇಲೆ ತಂತಿ, ಮೇಲೆ ಕಲ್ನಾರು. ಗಾಜಿನ ನಳಿಗೆಯಲ್ಲಿ ಸತು ಕರಗಿಸಿ, ಅದನ್ನು ಕುಲುಮೆಯೊಳಗಿಂದ ತೀರ ನಿಧಾನವಾಗಿ ಕೆಳಗಿಳಿಸಬೇಕು. ಮೊದಲು ತುದಿ ಆರಿ, ಅಲ್ಲೊಂದು ಹರಳು ಹುಟ್ಟಿ, ಆ ಒಂದೇ ಹರಳು ಮೇಲಿನವರೆಗೂ ಬೆಳೆಯಬೇಕು. ನಿಧಾನ ಎಂದರೆ ಒಂದು ಗೇಣು ಇಳಿಯಲು ಅರ್ಧ ದಿನ. ಅದಕ್ಕೆ ಯಂತ್ರ ತರಿಸುವ ಶಕ್ತಿ ಕಾಲೇಜಿಗಿರಲಿಲ್ಲ. ಸೀಮೆಎಣ್ಣೆ ಡಬ್ಬಕ್ಕೆ ನೀರು ತುಂಬಿ, ತಳದಲ್ಲಿ ತೊಟ್ಟಿಕ್ಕುವ ಹಾಗೆ ನಲ್ಲಿಯಿಟ್ಟು, ನೀರಿನ ಮೇಲೆ ಮರದ ತುಂಡು ತೇಲಿಬಿಟ್ಟೆ. ತುಂಡು ಇಳಿದಂತೆ ದಾರ, ದಾರ ಇಳಿದಂತೆ ನಳಿಗೆ. ರಸಾಯನಶಾಸ್ತ್ರದ ಮೇಷ್ಟ್ರು ದಿನಕ್ಕೊಂದು ಸಲ ಬಾಗಿಲಲ್ಲಿ ಇಣುಕಿ, “ಏನ್ ಮಾರಾಯ, ಅಭಿಷೇಕ ಎಲ್ಲಿಗೆ ಬಂತು?” ಎಂದು ಕೇಳಿ ಹೋಗುತ್ತಿದ್ದರು.

ಅಭಿಷೇಕವೇನೋ ಸರಿಯಾಗಿಯೇ ನಡೆಯಿತು, ಹರಳು ಮಾತ್ರ ಆಗಲಿಲ್ಲ. ಕಾಲೇಜಿನ ಹಿಂದೆ ಹಗಲು ರಾತ್ರಿಯೆನ್ನದೆ ಓಡುತ್ತಿದ್ದ ಅಕ್ಕಿ ಗಿರಣಿ ಶುರುವಾದೊಡನೆ ವೋಲ್ಟೇಜು ಕುಸಿಯುತ್ತಿತ್ತು, ಕುಲುಮೆಯ ಬಿಸಿ ಅಲ್ಲಾಡುತ್ತಿತ್ತು, ಒಂದು ಹರಳಿನ ಬದಲು ಇಪ್ಪತ್ತು ಹುಟ್ಟುತ್ತಿದ್ದವು. ಮೂರು ತಿಂಗಳು ಹೀಗೇ ಹೋಯಿತು. ಒಂದು ದಿನ ಮಾತ್ರ ಕಡ್ಡಿ ಮೇಲಿನಿಂದ ಕೆಳಗಿನವರೆಗೆ ಒಂದೇ ಹೊಳಪಿನಲ್ಲಿ ಬಂತು. ಏಕೆಂದು ತಲೆ ಕೆರೆದುಕೊಂಡು ಹೊರಗೆ ಬಂದರೆ ಗಿರಣಿ ಮುಚ್ಚಿದೆ. ಅಂದು ಅಮಾವಾಸ್ಯೆ. ಗಿರಣಿಯವರು ಅಮಾವಾಸ್ಯೆಗೆ ಯಂತ್ರ ಮುಟ್ಟುವುದಿಲ್ಲ. ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಮನೆಗೆ ಹೋಗುತ್ತಾರೆ.

ಅಂದಿನಿಂದ ನನ್ನ ವಿಜ್ಞಾನ ಪಂಚಾಂಗ ನೋಡಿಕೊಂಡು ನಡೆಯತೊಡಗಿತು. ರಸಾಯನದ ಮೇಷ್ಟ್ರಿಗೆ ಹಬ್ಬ.

“ನೀವು ಮಾಟ ಮಾಡ್ತೀರಿ ಅಂತ ಹುಡುಗರು ಮಾತಾಡ್ಕೊಳ್ತಿದಾರೆ.”

“ಹುಡುಗರಿಗೆ ಹೇಳಿದ್ಯಾರು?”

“ನಾನೇ. ಇನ್ಯಾರಿಗೆ ಅಷ್ಟು ತಲೆ ಓಡುತ್ತೆ?”

ತಿಂಗಳಿಗೊಂದು ಅಮಾವಾಸ್ಯೆ, ಅಮಾವಾಸ್ಯೆಗೊಂದು ಕಡ್ಡಿ. ಪೆನ್ಸಿಲಿನ ದಪ್ಪ, ಗೇಣುದ್ದ. ಬೆರಳಿನಲ್ಲಿ ಒತ್ತಿದರೆ ಬಾಗುವಷ್ಟು ಮೆದು. ನಾನು ಅವನ್ನು ಹಿಡಿಯುತ್ತಿದ್ದುದೂ ಹಸುಗೂಸನ್ನು ಹಿಡಿದ ಹಾಗೆ. ಒಂದು ತುದಿ ಬಿಗಿದು, ಇನ್ನೊಂದು ತುದಿಗೆ ತೂಕ ತೂಗಿಬಿಟ್ಟು, ಎಷ್ಟು ಭಾರಕ್ಕೆ ಎಷ್ಟು ಬಾಗಿತೆಂದು ಬರೆದುಕೊಂಡೆ. ಬಹುಪಾಲು ಕಡ್ಡಿಗಳು ಸದ್ದಿಲ್ಲದೆ ಬಗ್ಗಿದವು. ಎರಡು ಮಾತ್ರ ಬಗ್ಗುವಾಗ ‘ಟಿಕ್’ ಎಂದವು. ಪುಸ್ತಕದ ಅಂಚಿನಲ್ಲಿ ‘ಸದ್ದು’ ಎಂದು ಬರೆದು ಮುಂದೆ ಹೋದೆ. ಬಾಗಿದ ಲೆಕ್ಕವನ್ನು ಆಗಾಗ ಪ್ರೊಫೆಸರಿಗೆ ಕಾಗದದಲ್ಲಿ ಕಳಿಸುತ್ತಿದ್ದೆ. ಹನ್ನೊಂದು ಕಡ್ಡಿ ಸೇರಿದ ಮೇಲೆ ಅವರಿಂದ ಉತ್ತರ ಬಂತು: ಕಡ್ಡಿಗಳನ್ನು ತನ್ನಿ, ಬಗ್ಗಿದ ಜಾಗಗಳ ಎಕ್ಸ್‌ರೇ ಚಿತ್ರ ತೆಗೆಯೋಣ, ಅದಾದರೆ ಬರೆಯಲು ಕೂರಬಹುದು.

ಮರದ ಪೆಟ್ಟಿಗೆಯೊಂದಕ್ಕೆ ಹತ್ತಿ ಹಾಸಿ ಹನ್ನೊಂದನ್ನೂ ಮಲಗಿಸಿದೆ. ರೈಲು ಭದ್ರಾವತಿಯ ಮೇಲೆಯೇ ಹೋಗುವುದರಿಂದ ಹಿಂದಿನ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗಿ, ಬೆಳಿಗ್ಗೆ ಅಲ್ಲಿಂದಲೇ ರೈಲು ಹತ್ತುವುದೆಂದುಕೊಂಡೆ. ಆ ರಸ್ತೆಯ ಗುಂಡಿಗಳನ್ನು ಬಲ್ಲವರು ಬಲ್ಲರು. ಹನ್ನೆರಡು ಮೈಲಿಯೂ ಪೆಟ್ಟಿಗೆ ತೊಡೆಯ ಮೇಲೆಯೇ ಇತ್ತು.

ಮನೆಯಲ್ಲಿ ಅಪ್ಪ ಕೇಳಿದ: “ಅದೇನೋ ಪೆಟ್ಟಿಗೇಲಿ?”

“ಕಡ್ಡಿಗಳು. ಬೆಂಗಳೂರಿನ ಸಾಹೇಬ್ರಿಗೆ ತೋರಿಸ್ಬೇಕು. ಜೋಪಾನ.”

ಹೇಳಿದ್ದು ಇಷ್ಟೇ. ಏಕೆ ಇಷ್ಟೇ ಹೇಳಿದೆ ಎಂದು ಆಮೇಲೆ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದಣಿದಿದ್ದೆ ಎನ್ನುವುದು ನೆವ. ಇವನಿಗೇನು ತಿಳಿದೀತು ಎಂದುಕೊಂಡಿದ್ದೆ, ಅದು ನಿಜ. ಸರಳುಗಳ ನಡುವೆ ಇಪ್ಪತ್ತು ವರ್ಷ ಕಳೆದ ಮನುಷ್ಯನಿಗೆ ಸರಳಿನ ವಿಷಯ ತಿಳಿಯುವುದಿಲ್ಲವೆಂದು ಎರಡು ಪದವಿಯ ನಾನು ತೀರ್ಮಾನಿಸಿದ್ದೆ.

ಬೆಳಿಗ್ಗೆ ನಾನು ಹೊಳೆಗೆ ಸ್ನಾನಕ್ಕೆ ಹೋಗಿ ಬಂದೆ. ಅಪ್ಪ ಜಗುಲಿಯಲ್ಲಿ ಕೂತಿದ್ದ. ಅವನಿಗೆ ಮಧ್ಯಾಹ್ನದ ಪಾಳಿ. ಪೆಟ್ಟಿಗೆಯನ್ನು ಅವನೇ ದಾರದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದ. ಸ್ಟೇಷನ್ನಿನವರೆಗೂ ಅದನ್ನು ಹೊತ್ತು ತಂದು, ರೈಲಿನ ಕಿಟಕಿಯಿಂದ ನನಗೆ ಕೊಡುತ್ತ ಹೇಳಿದ: “ಧೈರ್ಯವಾಗಿ ಹೋಗು. ಯಾರೂ ಬೆರಳು ತೋರ್ಸೋ ಹಂಗಿಲ್ಲ.”

ನಾನು ಆಶೀರ್ವಾದವೆಂದುಕೊಂಡೆ.

ಮರುದಿನ ಪ್ರೊಫೆಸರ ಮೇಜಿನ ಮೇಲೆ ದಾರ ಬಿಚ್ಚಿ ಮುಚ್ಚಳ ತೆಗೆದೆ. ಹತ್ತಿಯ ಮೇಲೆ ಹನ್ನೊಂದು ಕಡ್ಡಿಗಳು, ಎಲ್ಲವೂ ಹಚ್ಚಹೊಸ ಪೆನ್ಸಿಲಿನಂತೆ ನೆಟ್ಟಗೆ ಮಲಗಿದ್ದವು. ಅವರು ಒಂದನ್ನೆತ್ತಿ ಬೆಳಕಿಗೆ ಹಿಡಿದರು, ಇನ್ನೊಂದನ್ನೆತ್ತಿದರು.

“ಬಗ್ಗಿದ್ದೆಲ್ಲಿ?” ಎಂದರು.

ನಾನು ಪೆಟ್ಟಿಗೆಯ ಹತ್ತಿ ಸರಿಸಿ ಕೆಳಗೆ ಹುಡುಕಿದೆ.

“ಏನ್ರೀ, ಇವು ಬಗ್ಗೇ ಇಲ್ವಲ್ಲ. ಒಂದು ವರ್ಷದಿಂದ ನನಗೆ ಕೋನ ಬರೆದು ಕಳಿಸ್ತಿದೀರಿ. ಆ ಕೋನಗಳೆಲ್ಲ ಎಲ್ಲಿಂದ ಬಂದ್ವು?”

ಅವರು ದನಿ ಏರಿಸಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ. ನಾನು ಕೂತಲ್ಲೇ ಕುಗ್ಗಿಹೋದೆ. ವಿಜ್ಞಾನದಲ್ಲಿ ಪೆದ್ದನಾಗಿದ್ದರೆ ಕ್ಷಮೆಯುಂಟು. ಮಾಡದ ಪ್ರಯೋಗದ ಅಂಕಿ ಬರೆದವನಿಗೆ ಇಲ್ಲ. ಅವರು ನನ್ನನ್ನು ನೋಡುತ್ತಿದ್ದುದು ಅಂಥವನನ್ನು ನೋಡುವ ಹಾಗೆ.

ಆಗ ನನ್ನ ಕಣ್ಣಿಗೆ ಬಿತ್ತು. ಪ್ರತಿಯೊಂದು ಕಡ್ಡಿಯ ತುದಿಯಲ್ಲೂ ಸೀಮೆಸುಣ್ಣದ ಪುಟ್ಟ ಗೆರೆ.

ಸುಳ್ಳು ಹೇಳಲು ದಾರಿಗಳಿದ್ದವು. ಪೆಟ್ಟಿಗೆ ಬದಲಾಯಿತು ಎನ್ನಬಹುದಿತ್ತು. ನಿಜ ಹೇಳಬೇಕಾದರೆ ನಾನು ಮುಚ್ಚಿಟ್ಟಿದ್ದ ಇನ್ನೊಂದು ಮಾತನ್ನೂ ಹೇಳಬೇಕಾಗಿತ್ತು.

“ಸರ್, ಇದು ನಮ್ಮ ತಂದೆ ಮಾಡಿದ್ದು. ಫ್ಯಾಕ್ಟರೀಲಿ ಸರಳು ನೇರ ಮಾಡೋದು ಅವರ ಕೆಲಸ. ಬಸ್ಸಲ್ಲಿ ಬಗ್ಗಿವೆ ಅಂದ್ಕೊಂಡು ನೇರ ಮಾಡಿದಾರೆ. ಇದು ಅವರ ಗುರುತು.”

“ನಿಮ್ಮ ತಂದೆ ಅಲ್ಲಿ ಇಂಜಿನಿಯರ್ ಅಲ್ವಾ?”

“ಫ್ಯಾಕ್ಟರೀಲಿದಾರೆ ಅಂತ ಮಾತ್ರ ನಾನು ಹೇಳಿದ್ದೆ ಸರ್. ನೀವು ಇಂಜಿನಿಯರ್ ಅಂದ್ಕೊಂಡ್ರಿ. ನಾನು ತಿದ್ದಲಿಲ್ಲ.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, “ನೀವು ಹೇಳೋದು ನಿಜವೋ ಸುಳ್ಳೋ ಕಡ್ಡಿಗಳೇ ಹೇಳ್ತವೆ, ನಡೀರಿ,” ಎಂದು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋದರು.

ಬಗ್ಗದ ಹರಳಿನ ಎಕ್ಸ್‌ರೇ ಚಿತ್ರವೆಂದರೆ ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ, ಒಂದೊಂದೂ ಗುಂಡಗೆ, ಸ್ಪಷ್ಟ. ಒಮ್ಮೆ ಬಗ್ಗಿದ ಹರಳಿನಲ್ಲಿ ಒದ್ದೆ ಕಾಲಿನವರು ಆ ಚುಕ್ಕಿಗಳ ಮೇಲೆ ಕಾಲೆಳೆದುಕೊಂಡು ಹೋದಂತಿರುತ್ತದೆ. ಹೊರಗಿನಿಂದ ಎಷ್ಟೇ ನೆಟ್ಟಗೆ ಮಾಡಿದರೂ ಒಳಗಿನ ಕಲೆ ಪೂರ್ತಿ ಹೋಗುವುದಿಲ್ಲ. ಸಂಜೆ ಫಿಲ್ಮು ತೊಳೆದು ನೋಡಿದಾಗ ಚುಕ್ಕಿಗಳೆಲ್ಲ ಬಾಲ ಬಿಟ್ಟಿದ್ದವು. ಪ್ರೊಫೆಸರು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಬಗ್ಗಿದ್ದು ನಿಜ. ನಾನು ಆಡಿದ ಮಾತು ಮರೆತುಬಿಡಿ. ಆದರೆ ಎಷ್ಟು ಬಗ್ಗಿತ್ತು ಅನ್ನೋದಕ್ಕೆ ಈಗ ನಿಮ್ಮ ಬಾಯಿಮಾತು ಬಿಟ್ರೆ ಏನಿಲ್ಲ. ಇದನ್ನ ಥೀಸಿಸ್‌ಗೆ ಹಾಕೋಕಾಗಲ್ಲ. ನಾನಿರೋದು ಇನ್ನು ಹದಿಮೂರು ತಿಂಗಳು.”

ನನ್ನ ಮರ್ಯಾದೆ ಉಳಿಯಿತು, ಹನ್ನೊಂದು ಅಮಾವಾಸ್ಯೆ ಹೋಯಿತು. ಮತ್ತೆ ಹನ್ನೊಂದು ಕಡ್ಡಿ ಬೆಳೆಸಿ, ಬಗ್ಗಿಸಿ, ಅಳೆದು, ಬರೆದು ಮುಗಿಸಲು ಕಾಲವಿರಲಿಲ್ಲ.

ವಾಪಸ್ ಬರುತ್ತ ಭದ್ರಾವತಿಯಲ್ಲಿ ಇಳಿದೆ. ರೈಲಿನುದ್ದಕ್ಕೂ ಸಿಟ್ಟನ್ನು ಮಸೆದುಕೊಂಡೇ ಬಂದಿದ್ದೆ. ಅಪ್ಪ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಮುಖ ಅರಳಿಸಿ, “ಏನಂದ್ರೋ ಸಾಹೇಬ್ರು?” ಎಂದ.

“ನನ್ನ ಒಂದು ವರ್ಷ ಹಾಳು ಮಾಡಿದೆ ಅಪ್ಪ.”

ಏನಾಯಿತೆಂದು ಹೇಳಿದೆ. ಹೇಳಬಾರದ ಒಂದೆರಡು ಮಾತನ್ನೂ ಹೇಳಿದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಚೊಂಬನ್ನು ಕೆಳಗಿಡದೆ ನಿಂತೇ ಕೇಳಿದ.

“ಬಸ್ಸಲ್ಲಿ ಬಗ್ಗಿದ್ವು ಅಂದ್ಕೊಂಡೆ ಕಣೋ. ಸೊಟ್ಟ ಕಡ್ಡಿ ತಗೊಂಡೋದ್ರೆ ನಿಮ್ಮ ಸಾಹೇಬ್ರು ಕಾಲಲ್ಲಿ ತಳ್ಳಿಬಿಟ್ರೆ ಅಂತ. ಅಷ್ಟು ದೂರ ಹೋಗಿ.”

ಅವ್ವ ಒಳಗಿನಿಂದಲೇ ಅಂದಳು: “ಮೊದ್ಲೇ ಬಾಯಿ ಬಿಟ್ಟು ಹೇಳ್ಬೇಕಿತ್ತು ನೀನು. ಸೊಟ್ಟಗಿರೋದೇ ಬೇಕು ಅನ್ನೋರು ಲೋಕದಲ್ಲಿ ಇದಾರೆ ಅಂತ ಅವ್ರಿಗೆ ಕನಸು ಬೀಳುತ್ತಾ?”

ಅಂದು ಅಪ್ಪ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ನಾನು ಶಿವಮೊಗ್ಗಕ್ಕೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತ.

“ಒಂದು ಕೇಳ್ಲಾ? ಯಾವ್ಯಾವುದು ಎಷ್ಟೆಷ್ಟು ಬಗ್ಗಿತ್ತೋ ಅಷ್ಟೇ ಮತ್ತೆ ಬಗ್ಗಿಸಿ ಕೊಡ್ಲಾ? ನನ್ನ ಕೈಗೆ ನೆನಪಿದೆ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟು ಚಾಪೆಯ ಮೇಲೆ ಕೂತೆ. “ಹಂಗಾಗಲ್ಲ ಅಪ್ಪ,” ಎಂದೆ.

“ಯಾಕಾಗಲ್ಲ?”

ಅವ್ವನ ಎಲೆಅಡಿಕೆ ತಟ್ಟೆ ಅಲ್ಲೇ ಇತ್ತು. ಒಂದು ಕಟ್ಟು ಎಲೆ ಎತ್ತಿಕೊಂಡು, ಬುತ್ತಿ ಹಿಡಿದು ಗೇಟಿನಲ್ಲಿ ನಿಂತಾಗ ನಾನು ಕೇಳಿದ ಪ್ರಶ್ನೆಗೆ ಅವನಿಗೇ ಉತ್ತರ ಹೇಳಿದೆ. ಕಡ್ಡಿಯೊಳಗೆ ಹೀಗೆ ಪದರಗಳಿವೆ, ಹೀಗೆ ಜಾರುತ್ತವೆ, ಜಾರಿದ ಮೇಲೆ ಇದ್ದ ಹಾಗೆ ಇರುವುದಿಲ್ಲ. ಅಪ್ಪ ಎಲೆಕಟ್ಟನ್ನು ತನ್ನ ಕೈಗೆ ತೆಗೆದುಕೊಂಡ. ಒಂದು ಸಲ ಅತ್ತ ತಳ್ಳಿದ, ಇತ್ತ ಎಳೆದ. ಆಮೇಲೆ ನಡುವಿನ ಒಂದು ಎಲೆಯನ್ನು ಮಡಿಚಿ ಮತ್ತೆ ತಳ್ಳಿ ನೋಡಿದ. ಕಟ್ಟು ಜಾರಲಿಲ್ಲ.

“ಹಂಗಾದ್ರೆ ಆ ಎರಡರಲ್ಲಿ ಎಲೆ ಮಡಿಚ್ಕೊಂಡಿತ್ತು,” ಎಂದ.

“ಯಾವ ಎರಡು?”

“ಒಂಬತ್ತು ಬೆಣ್ಣೆ ಹಂಗೆ ವಾಪಸ್ ಬಂದ್ವು. ಬಗ್ಗಿದ್ದು ವಾಪಸ್ ಬರೋಕೆ ಶುರುವಿಗೆ ಸಲೀಸು, ಅದು ನಮ್ಮ ಶೆಡ್ಡಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆ ಎರಡು ಮಾತ್ರ ಹಠ ಮಾಡಿದ್ವು. ಗುರುತು ಹಾಕಿದೀನಲ್ಲ, ನೋಡ್ಲಿಲ್ವಾ?”

ಪೆಟ್ಟಿಗೆ ಬಿಚ್ಚಿದೆ. ಒಂಬತ್ತಕ್ಕೆ ಒಂದು ಗೆರೆ. ಎರಡಕ್ಕೆ ಎರಡು ಗೆರೆ. ಸೀಮೆಸುಣ್ಣದ ಕೆಳಗೆ ನಾನೇ ಸೂಜಿಯಲ್ಲಿ ಕೊರೆದ ನಂಬರುಗಳಿದ್ದವು. ನನ್ನ ಪುಸ್ತಕ ತೆಗೆದು ಆ ಎರಡು ನಂಬರು ಹುಡುಕಿದೆ. ಎರಡರ ಮುಂದೆಯೂ, ಅಂಚಿನಲ್ಲಿ, ನನ್ನದೇ ಅಕ್ಷರದಲ್ಲಿ ‘ಸದ್ದು’ ಎಂದಿತ್ತು. ಆ ‘ಟಿಕ್’ ಒಳಗಿನ ಪದರ ಮಡಿಚಿಕೊಂಡ ಸದ್ದು.

ಬೆಳಗಿನ ಬಸ್ಸು ತಪ್ಪಿತು. ನಾನು ಅಪ್ಪನನ್ನು ಕೂರಿಸಿಕೊಂಡು ಹನ್ನೊಂದರ ಬಗೆಗೂ ಒಂದೊಂದಾಗಿ ಕೇಳಿ ಬರೆದುಕೊಂಡೆ. ಯಾವುದು ಎಲ್ಲಿ ಮೊದಲು ಸಡಿಲಿತು, ಎಲ್ಲಿ ತಡೆಯಿತು. ಅವನು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ನೆನಪು ಮಾಡಿಕೊಂಡು ಹೇಳಿದ. ಬಗ್ಗಿಸಿದ ಲೋಹ ಹಿಂದಕ್ಕೆ ಬರುವಾಗ ಬೇಗ ಸೋಲುತ್ತದೆಂಬುದು ಪುಸ್ತಕಗಳಲ್ಲಿಲ್ಲದ ಸಂಗತಿಯೇನೂ ಅಲ್ಲ. ಆದರೆ ಸತುವಿನ ಒಂಟಿ ಹರಳಿನಲ್ಲಿ, ಟಿಕ್ ಎಂದು ಮಡಿಕೆ ಬಿದ್ದದ್ದು ಹಿಂದಕ್ಕೆ ಬರಲು ಏಕೆ ಇಷ್ಟು ಹಠ ಮಾಡುತ್ತದೆಂದು ಅಳೆದವರನ್ನು ನಾನು ಓದಿದ ಪುಸ್ತಕಗಳಲ್ಲಿ ಕಂಡಿರಲಿಲ್ಲ. ಪ್ರೊಫೆಸರಿಗೆ ನಾಲ್ಕು ಪುಟ ಬರೆದೆ. ಅವರಿಂದ ಕಾರ್ಡು ಬಂತು, ಒಂದೇ ಸಾಲು: ‘ಬಗ್ಗಿಸಿದ್ದು ಸಾಕು, ನೇರ ಮಾಡುವುದನ್ನು ಅಳೆಯಿರಿ.’

ಈ ಪ್ರಯೋಗಕ್ಕೆ ಕಡ್ಡಿಗಳನ್ನು ಅಷ್ಟು ದೂರ ಹೊತ್ತೊಯ್ದು ಚಿತ್ರ ತೆಗೆಸುವ ಅಗತ್ಯ ಬಹಳ ಇರಲಿಲ್ಲ. ಅತ್ತ ಬಗ್ಗಿಸಿ, ಅಲ್ಲೇ ರಾಟೆಗೆ ದಾರ ಹಾಕಿ ಇತ್ತ ಎಳೆದು, ಭಾರ ಬರೆದುಕೊಂಡರೆ ಮುಕ್ಕಾಲು ಕೆಲಸ ಆಗುತ್ತಿತ್ತು. ಆದರೂ ಕಡ್ಡಿಗಳು ಬೇಕಿದ್ದವು, ಅಮಾವಾಸ್ಯೆಗಳು ಹದಿಮೂರೇ ಇದ್ದವು. ರಸಾಯನದ ಮೇಷ್ಟ್ರು ತಮಾಷೆ ಬದಿಗಿಟ್ಟು ತಮ್ಮ ಲ್ಯಾಬಿನಲ್ಲೂ ಒಂದು ಕುಲುಮೆ ಕಟ್ಟಿಕೊಟ್ಟರು, ಇನ್ನೊಂದು ಸೀಮೆಎಣ್ಣೆ ಡಬ್ಬ ತಂದರು. “ಈಗ ಎರಡು ಲಿಂಗ ಆಯ್ತು, ಪೂಜಾರಿ ಒಬ್ಬನೇ,” ಎಂದರು. ಸುಗ್ಗಿಯಲ್ಲಿ ಭತ್ತ ರಾಶಿ ಬಿದ್ದು ಗಿರಣಿ ಒಂದು ಅಮಾವಾಸ್ಯೆಯ ದಿನವೂ ನಡೆಯಿತು. ಅಂದಿನ ಎರಡು ಕಡ್ಡಿಯೂ ಹೋದವು. ಒಂದು ಬೇಸಿಗೆಯಲ್ಲಿ ನಲ್ಲಿ ಕಟ್ಟಿಕೊಂಡು ನಳಿಗೆ ಇಳಿಯದೆ ನಿಂತಿತು.

ಅಪ್ಪ ಆ ವರ್ಷ ತನ್ನ ರಜೆಗಳನ್ನೆಲ್ಲ ನನ್ನ ಲ್ಯಾಬಿಗೆ ಕೊಟ್ಟ. ತೊಳೆದ ಅಂಗಿ ಹಾಕಿಕೊಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದ. ಬೇಡವೆಂದರೂ ಬಿಡುತ್ತಿದ್ದ. ಬಗ್ಗಿದ ಕಡ್ಡಿಯನ್ನು ಹಿಂದಕ್ಕೆಳೆಯಲು ತೂಕ ಹಾಕುವ ಮೊದಲು ತನ್ನ ಬೆರಳಿಗೆ ಕೊಡಬೇಕು, ಅದು ಅವನ ಷರತ್ತು. ಹೆಬ್ಬೆರಳಿನಿಂದ ಇಷ್ಟೇ ಇಷ್ಟು ಒತ್ತಿ, “ಒಂದು ಗೆರೆ,” ಅಥವಾ “ಎರಡು,” ಎನ್ನುತ್ತಿದ್ದ. ನಾನು ಬರೆದುಕೊಂಡು ಆಮೇಲೆ ತೂಕ ತೂಗುತ್ತಿದ್ದೆ. ಅವನು ತಪ್ಪಿದ್ದು ಎರಡೇ ಸಲ. ತಪ್ಪಿದ್ದನ್ನೂ ಬರೆದೆ.

ಒಮ್ಮೆ ಹೀಗೇ ಕೂತಿದ್ದಾಗ ಕೇಳಿದ: “ಇದನ್ನ ಅಳೆದು ಏನ್ಮಾಡ್ತಾರೆ?”

“ಯಾವ ಲೋಹ ಎಲ್ಲಿ ಸೋಲುತ್ತೆ ಅಂತ ಮೊದಲೇ ಗೊತ್ತಾದ್ರೆ ಸೇತುವೆ ಮುರಿಯಲ್ಲ, ರೈಲಿನ ಅಚ್ಚು ಮುರಿಯಲ್ಲ.”

“ನಮ್ಮ ಮೇಸ್ತ್ರಿಗೂ ಹೇಳು. ಅವನು ಎಲ್ಲಿ ಸೋಲ್ತಾನೆ ಅಂತ ನಮಗೂ ಗೊತ್ತಾಗ್ಲಿ.”

ಪ್ರೊಫೆಸರ ನಿವೃತ್ತಿಗೆ ಇನ್ನು ಒಂಬತ್ತು ದಿನವಿರುವಾಗ ಥೀಸಿಸ್ ಕೊಟ್ಟೆ. ಕೋಷ್ಟಕದಲ್ಲಿ ಒಂದು ಕಾಲಮ್ಮಿಗೆ ತಲೆಬರಹವಿರಲಿಲ್ಲ, ಪ್ರತಿ ಕಡ್ಡಿಯ ಮುಂದೆ ಒಂದು ಅಥವಾ ಎರಡು ಗೆರೆ ಮಾತ್ರ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬೆರಳಿಟ್ಟದ್ದು ಅಲ್ಲಿಗೇ.

“ಇದು ಯಾವ ಅಳತೆ? ಯಾವ ಉಪಕರಣದಿಂದ ತೆಗೆದದ್ದು?”

ಪ್ರೊಫೆಸರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರಿಗೆ ಉತ್ತರ ಗೊತ್ತಿತ್ತು. ಅವರು ಅಪ್ಪನನ್ನು ಇಂಜಿನಿಯರ್ ಅಂದುಕೊಂಡಾಗ ತಿದ್ದದೆ ಬಿಟ್ಟಂತೆ ಈ ಸಲ ಬಿಡಲಿಲ್ಲ.

“ಅದು ನಮ್ಮ ತಂದೆಯ ಕೈ ಸರ್,” ಎಂದೆ. “ಅವರು ಭದ್ರಾವತಿಯಲ್ಲಿ ಸರಳು ನೇರ ಮಾಡುವ ಕೆಲಸಗಾರರು. ತೂಕ ಹಾಕುವ ಮೊದಲು ಅವರು ಹೇಳಿದ್ದು ಈ ಕಾಲಮ್ಮು, ತೂಕ ಹೇಳಿದ್ದು ಪಕ್ಕದ ಕಾಲಮ್ಮು. ಎರಡು ಕಡೆ ಹೊಂದಿಲ್ಲ.”

ಪರೀಕ್ಷಕರು ಎರಡು ಕಾಲಮ್ಮುಗಳನ್ನೂ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದರು. “ಎಷ್ಟು ವರ್ಷದಿಂದ ಆ ಕೆಲಸದಲ್ಲಿದ್ದಾರೆ?” ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿ, “ಹಾಗಾದರೆ ಕಾಲಮ್ಮಿಗೆ ತಲೆಬರಹ ಹಾಕಿ, ಖಾಲಿ ಬಿಡಬೇಡಿ,” ಎಂದು ಮುಂದಿನ ಪುಟಕ್ಕೆ ಹೋದರು.

ಆಮೇಲಿನದು ದೊಡ್ಡ ಕಥೆಯಲ್ಲ. ನಾನು ಶಿವಮೊಗ್ಗದಲ್ಲೇ ಉಳಿದೆ. ಹರಳಿನ ಮೇಲೆ ಏಳೆಂಟು ಲೇಖನ ಬರೆದೆ, ಅವನ್ನು ಓದಿದವರೂ ಹೆಚ್ಚುಕಡಿಮೆ ಅಷ್ಟೇ ಮಂದಿ ಇರಬೇಕು. ಪ್ರತಿ ವರ್ಷ ಬಿ.ಎಸ್ಸಿ. ತರಗತಿಗೆ ಎಲೆಕಟ್ಟು ತೆಗೆದುಕೊಂಡು ಹೋಗಿ ಲೋಹ ಬಗ್ಗುವುದು ಹೇಗೆಂದು ತೋರಿಸಿದೆ. ಅದರಲ್ಲಿ ನನಗೆ ತೃಪ್ತಿಯಿದೆ.

ಥೀಸಿಸ್ಸಿನ ರಟ್ಟು ಕಟ್ಟಿದ ಪ್ರತಿ ಹಿಡಿದು ಭದ್ರಾವತಿಗೆ ಹೋದ ದಿನ ಅಪ್ಪ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಪುಟ ತಿರುವಿ, ಬಗ್ಗಿದ ಕಡ್ಡಿಯ ಫೋಟೋ ಬಂದಲ್ಲಿ ನಿಂತು, “ಇದನ್ನ ಹಿಂಗೇ ಬಿಟ್ಟಿದೀರಲ್ಲೋ,” ಎಂದ. ಕಾಲಮ್ಮು ತೋರಿಸಿ, ಇದು ನೀನು ಹೇಳಿದ್ದು ಎಂದೆ. ತಲೆಬರಹವನ್ನು ಓದಿ ಹೇಳಿದೆ: ‘ಸರಳಿನ ಶೆಡ್ಡಿನ ಕೆಲಸಗಾರರ ಕೈ ಅಂದಾಜು’.

“ತಪ್ಪಿದ ಎರಡನ್ನೂ ಹಾಕಿದ್ಯಾ?”

“ಹಾಕಿದೀನಿ.”

“ಹ್ಞೂಂ. ಹಾಕ್ಬೇಕು.”

ಆಮೇಲೆ ಪುಸ್ತಕ ಮುಚ್ಚಿ, ಒಂದು ಕಣ್ಣು ಮುಚ್ಚಿ, ಬೆನ್ನುಪಟ್ಟಿಯನ್ನು ಮೂಗಿನ ನೇರಕ್ಕೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದ. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇದ್ದೇ ಇತ್ತು. ಕಪ್ಪು ರಟ್ಟಿನ ಮೂಲೆಯಲ್ಲಿ ಒಂದು ಗೆರೆ ಎಳೆದ. ಸ್ವಲ್ಪ ಯೋಚಿಸಿ ಪಕ್ಕದಲ್ಲಿ ಇನ್ನೊಂದು ಎಳೆದ.

“ಒಂದೇ ಸಲಕ್ಕೆ ಆಗ್ಲಿಲ್ವಲ್ಲ,” ಎಂದ.